ಮುಜಾಫರನ ಕಡಲ ನಡಿಗೆಯೂ ನನ್ನ ಸುಳ್ಳೂ

ಹುಮನಾಬಾದಿನ ಮುಜಾಫರನ ಬಗ್ಗೆ ನಾಲ್ಕು ಮಾತು ಬರೆಯಲು ಕೂತಿದ್ದೇನೆ. ಬರೆಯುವ ಯೋಗ್ಯತೆ ನನಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಬೇರೆ ಯಾರೂ ಬರೆಯುವುದಿಲ್ಲ. ಬರೆದರೂ ನಾನು ಹಬ್ಬಿಸಿದ ಸುಳ್ಳನ್ನೇ ಬರೆಯುತ್ತಾರೆ. ಅದಕ್ಕಿಂತ ನಾನೇ ಬರೆಯುವುದು ವಾಸಿ.

ನನ್ನ ಹೆಸರು ಗುರುಶಾಂತ. ಹುಮನಾಬಾದಿನ ಸರಕಾರಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಮಾಸ್ತರಿಕೆ ಮಾಡಿ, ನಿವೃತ್ತನಾಗಿ, ಈಗ ಬಸವಕಲ್ಯಾಣದಲ್ಲಿ ಸ್ವಂತ ಮನೆಯಲ್ಲಿದ್ದೇನೆ. ಬೆಳಿಗ್ಗೆ ಕೋಟೆಯ ಕಡೆಗೆ ನಡೆಯಲು ಹೋಗುವ ನಮ್ಮದೊಂದು ಗುಂಪಿದೆ. ನಡೆಯುವುದಕ್ಕಿಂತ ಮಾತಾಡುವುದು ಹೆಚ್ಚು. ಆ ಗುಂಪಿಗೆ ವಾಟ್ಸಾಪ್ ಬೇರೆ. ನನ್ನ ಮರ್ಯಾದೆ ಹಾಳಾಗಲು ಅರ್ಧ ಕಾರಣ ಅದೇ, ಇನ್ನರ್ಧ ನನ್ನ ಬುದ್ಧಿ.

ಮುಜಾಫರನಿಗೆ ಐವತ್ತರ ಹತ್ತಿರ. ತೆಳ್ಳಗಿನ ಆಳು, ಸದಾ ತೋಳು ಮಡಿಚಿದ ಅಂಗಿ, ಮಾತು ಕಡಿಮೆ. ಹರೆಯದಲ್ಲಿ ಲಾರಿ ಓಡಿಸುತ್ತಿದ್ದ. ಒಮ್ಮೆ ತೊಗರಿಬೇಳೆ ತುಂಬಿಕೊಂಡು ಕಾರವಾರದ ಕಡೆ ಹೋದಾಗ ಗೋಕರ್ಣದ ಹತ್ತಿರ ಗಾಡಿ ಕೈಕೊಟ್ಟಿತು. ಹುಬ್ಬಳ್ಳಿಯಿಂದ ರಿಪೇರಿ ಸಾಮಾನು ಬರಲು ನಾಲ್ಕು ದಿನ. ಸುಮ್ಮನೆ ಕೂರಲಾಗದೆ ಅವನು ಕಡಲ ದಂಡೆ ಹಿಡಿದು ನಡೆದ. ಕುಡ್ಲೆಯಿಂದ ಗುಡ್ಡ ಹತ್ತಿ ಓಂ ದಂಡೆಗೆ, ಅಲ್ಲಿಂದ ಬಂಡೆಗಳ ಪಕ್ಕದ ಕಾಲುದಾರಿಯಲ್ಲಿ ಅರ್ಧಚಂದ್ರದ ದಂಡೆಗೆ, ಅಲ್ಲಿಂದ ಇನ್ನೂ ಮುಂದಕ್ಕೆ. ನಾಲ್ಕನೆಯ ದಿನ ಸಾಮಾನು ಬಂದಾಗ ಇಷ್ಟು ಬೇಗ ಯಾಕೆ ಬಂತಪ್ಪಾ ಅನ್ನಿಸಿತಂತೆ.

ಮುಂದೆ ಲಾರಿ ಬಿಟ್ಟು ಒಂದು ಕ್ರೂಸರ್ ಗಾಡಿ ಮಾಡಿಕೊಂಡ. ವರ್ಷವಿಡೀ ಸುತ್ತಲಿನ ಹುಲಸೂರು, ಕೊಹಿನೂರು, ಮದುವೆ, ಸಂತೆ ಎಂದು ತಿರುಗುವ ಗಾಡಿ, ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಮುಗಿದ ಮೇಲೆ ಮಾತ್ರ ಸಮುದ್ರಕ್ಕೆ ಹೋಗುತ್ತಿತ್ತು. ಸಲಕ್ಕೆ ಹನ್ನೆರಡು ಜನ. ಕಿರಾಣಿ ಅಂಗಡಿಯವರು, ನನ್ನಂಥ ರಿಟೈರ್ಡ್ ಮಂದಿ, ಸೊಲ್ಲಾಪುರ ಬಿಟ್ಟರೆ ಮತ್ತೊಂದು ಊರು ನೋಡಿರದ ಹೆಂಗಸರು. ಮೋರಖಂಡಿಯ ಒಬ್ಬ ಅಜ್ಜಿ ಮೊದಲ ಸಲ ಸಮುದ್ರ ಕಂಡು, "ಏ ಮುಜಾಫರ್, ಆ ಕಡಿ ದಂಡಿ ಎಲ್ಲದಪ್ಪಾ?" ಎಂದು ಕೇಳಿದ್ದಳು. ಇವನು ನಗಲಿಲ್ಲ. "ನನಗೂ ಕಂಡಿಲ್ಲ ಅಮ್ಮಾ, ನೋಡಕೋತ ಹೋಗೂಣ ಬರ್ರಿ," ಅಂದಿದ್ದ.

ಅವನು ನಡೆಸುವ ರೀತಿಯೇ ಬೇರೆ. ಬೆಳಿಗ್ಗೆ ಮೊದಲು ಯಾರಾದರೂ ಮೀನುಗಾರ ಹೆಂಗಸನ್ನು ಹಿಡಿದು, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಕೇಳಿಕೊಂಡು ಬರುತ್ತಿದ್ದ. ಆಮೇಲೆ ನಮ್ಮಲ್ಲಿ ಲಿಂಗಪೂಜೆ ಮಾಡುವವರ ಕಡೆ ತಿರುಗಿ, "ಪೂಜಿ ಆಯ್ತೇನ್ರಿ ಎಲ್ಲಾರದೂ?" ಅನ್ನುತ್ತಿದ್ದ. ಪೂಜೆಯಾಗದೆ ನಾವು ನೀರೂ ಮುಟ್ಟುವುದಿಲ್ಲ ಎಂಬುದು ಅವನಿಗೆ ಗೊತ್ತು. ಎಲ್ಲರೂ ಹೂಂ ಅಂದ ಮೇಲೆಯೇ ಚಹಾ, ಆಮೇಲೆ ನಡಿಗೆ. ಎಲ್ಲರ ಚೀಲದಲ್ಲೂ ಗರಿಗರಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಪುಡಿ. ದಾರಿ ಕಷ್ಟದ್ದಲ್ಲ, ಮೊಣಕಾಲು ನೋವಿನವರೂ ನಡೆಯಬಹುದು. ಬಲಕ್ಕೆ ಕೆಳಗೆ ಸಮುದ್ರ, ಎಡಕ್ಕೆ ಗೇರುಮರ, ಕಾಲ ಕೆಳಗೆ ಕೆಂಪು ಮುರಮು. "ನಮ್ಮ ಕಲ್ಯಾಣದ ಮಣ್ಣೇ ನೋಡ್ರಿ ಇದು, ನಮಗಿಂತ ಮೊದಲ ಬಂದು ಕುಂತದ," ಅನ್ನುತ್ತಿದ್ದ. ಗುಡ್ಡದ ತಿರುವು ಹೊರಳಿದ ಕೂಡಲೇ ಒಮ್ಮೆಲೇ ಗಾಳಿ ಎದೆಗೆ ಬಡಿದು, ಕೆಳಗೆ ಕಪ್ಪುಬಂಡೆಗಳ ಮೇಲೆ ತೆರೆ ಒಡೆಯುವುದು ಕಾಣುತ್ತದೆ. ಅಲ್ಲಿ ಎಲ್ಲರೂ ತಾವಾಗಿಯೇ ನಿಲ್ಲುತ್ತಾರೆ. ನಮ್ಮ ಗುಂಪಿನ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಆ ತಿರುವಿನಲ್ಲಿ ಮಾತ್ರ.

ಅವನು ಹಾಕಿದ ನಿಯಮ ಎರಡೇ. ಒಣಗಿದ ಬೂದು ಕಲ್ಲಿನ ಮೇಲೆ ಕಾಲಿಡಿ, ಕಪ್ಪಗೆ ಹಸಿಯಾಗಿರುವ ಕಲ್ಲಿನ ಮೇಲೆ ಬೇಡ. ಸಮುದ್ರಕ್ಕೆ ಬೆನ್ನು ಕೊಟ್ಟು ನಿಲ್ಲಬೇಡಿ. ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ನಾನು ಶಾಲೆಯಲ್ಲಿ ಮಗ್ಗಿ ಹೇಳಿಸಿದ ಹಾಗೆ.

ಕಳೆದ ವರ್ಷದ ಜನವರಿಯಲ್ಲಿ ನಾನು ನಾಲ್ಕನೆಯ ಸಲ ಅವನ ಜೊತೆ ಹೋಗಿದ್ದೆ. ಅದಕ್ಕೆ ಒಂದು ತಿಂಗಳ ಹಿಂದೆ, ನಮ್ಮ ಗುಂಪಿನ ಮಹಾರುದ್ರಪ್ಪ, ಕಿರಾಣಿ ವ್ಯಾಪಾರಿ, ಹಿಮಾಲಯಕ್ಕೆ ಹೋಗಿ ಮಂಜಿನಲ್ಲಿ ಕೂತು ಲಿಂಗಪೂಜೆ ಮಾಡುವ ಫೋಟೋ ಹಾಕಿದ್ದ. ಅದಕ್ಕೆ ಬಂದ ಕೈಮುಗಿಯುವ ಚಿತ್ರಗಳಿಗೆ ಲೆಕ್ಕವಿಲ್ಲ. ನನ್ನ ಹೊಟ್ಟೆ ಉರಿದು ಹೋಯಿತು. ಅವನು ಮನೆಯಲ್ಲಿ ಸರಿಯಾಗಿ ವಿಭೂತಿ ಹಚ್ಚುವುದಿಲ್ಲ, ನನಗೆ ಗೊತ್ತಿಲ್ಲವೇ! ಆದರೆ ಫೋಟೋ ಅವನದು. ಹಿಂದೆ ಸಮುದ್ರ ಒಡೆಯುತ್ತಿರಬೇಕು, ಮುಂದೆ ನಾನು ಎಡಗೈಯಲ್ಲಿ ಲಿಂಗ ಹಿಡಿದು ಕೂತಿರಬೇಕು, ಅಂಥದ್ದೊಂದು ಹಾಕದಿದ್ದರೆ ನಾನು ಗುರುಶಾಂತನೇ ಅಲ್ಲ ಎಂದುಕೊಂಡೆ. ಅರವತ್ತಾರನೆಯ ವಯಸ್ಸಿಗೆ ಬಂದ ಬುದ್ಧಿ ಇದು, ಥೂ!

ಆ ದಿನ ಬೆಳಿಗ್ಗೆ ಮುಜಾಫರ್ ಎಂದಿನಂತೆ ಕೇಳಿದಾಗ, ಪೂಜೆ ಆಯಿತು ಎಂದು ನಾನು ಹೇಳಿದೆ. ಆಗಿರಲಿಲ್ಲ. ಉಳಿದವರನ್ನು ಅರ್ಧಚಂದ್ರದ ದಂಡೆಯ ಚಹಾದ ಗುಡಿಸಲಿಗೆ ಮುಂದೆ ಕಳಿಸಿ, ಅವನ ಕೈಗೆ ನನ್ನ ಫೋನ್ ಕೊಟ್ಟು, ಬಂಡೆಗಳ ಕಡೆ ಇಳಿದೆ.

"ಸರ್, ಆ ಕಲ್ಲು ಬ್ಯಾಡ್ರಿ, ಹಸಿ ಅದ. ಇಲ್ಲೇ ಮ್ಯಾಲ ಕೂಡ್ರಿ, ಸಮುದ್ರ ಇಲ್ಲಿಂದೂ ಕಾಣ್ತದ," ಅಂದ.

"ನಲವತ್ತ ವರ್ಷ ಹುಡುಗುರಿಗಿ ಬುದ್ಧಿ ಹೇಳಿದವಾ ನಾ. ನೀ ನನಗ ಹೇಳತೀ? ಫೋಟೋ ತೆಗಿ ಸಾಕು," ಅಂದೆ. ಇಪ್ಪತ್ತೆರಡು ವರ್ಷ ಅಲ್ಲಿ ನಲವತ್ತಾಯಿತು ನೋಡಿ.

"ಪೂಜಿ ಮುಗಿಸಿ, ಲಿಂಗ ಕೊಳ್ಳಾಗ ಹಾಕ್ಕೊಂಡು ನಿಂದ್ರರಿ ಸರ್. ಆಮ್ಯಾಲ ತೆಗೀತೀನಿ. ಕೈಯಾಗ ಹಿಡಕೊಂಡು ಅಲ್ಲಿ ಹೋಗಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ."

ನಾನು ಹೋದೆ. ಕೊರಳಲ್ಲಿದ್ದ ಲಿಂಗದ ಕರಡಿಗೆ ಬಿಚ್ಚಿದೆ. ನನ್ನ ಅಪ್ಪ ಇದ್ದಾಗ, ನಾನು ಏಳು ವರ್ಷದವನಿದ್ದಾಗ, ಗುರುಗಳು ಕಟ್ಟಿದ ಲಿಂಗ. ಅದನ್ನು ಎಡಗೈ ಅಂಗೈಯಲ್ಲಿಟ್ಟು, ಬಲಗೈಯಿಂದ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡೆ. ಪೂಜೆಯಲ್ಲಿ ದೃಷ್ಟಿ ಲಿಂಗದ ಮೇಲಿರಬೇಕು. ನನ್ನ ದೃಷ್ಟಿ ಫೋನಿನ ಮೇಲಿತ್ತು. ಬೆನ್ನು ಸಮುದ್ರಕ್ಕಿತ್ತು. ಕೂರುವ ಮೊದಲೇ ತೆರೆ ಸೊಂಟಕ್ಕೆ ಹೊಡೆಯಿತು. ಬೀಳುವ ಮನುಷ್ಯ ಏನು ಮಾಡುತ್ತಾನೆ, ಎರಡೂ ಕೈ ಊರುತ್ತಾನೆ. ಲಿಂಗ ಬಂಡೆಗೆ ಎರಡು ಸಲ ಟಕ್ ಟಕ್ ಅಂದು ಸಂದಿಯೊಳಗೆ ಹೋಯಿತು.

ನಾನು ಅಲ್ಲೇ ಕೂತು ಬಾಯಿ ಬಿಟ್ಟೆ. ಮುಜಾಫರ್ ಫೋನನ್ನು ಮರಳ ಮೇಲೆ ಎಸೆದು ಸಂದಿಗೆ ಇಳಿದ. ಒಂದು ತಾಸಿಗೂ ಹೆಚ್ಚು ಹುಡುಕಿದ. ತೆರೆ ಬಂದಾಗ ಬಂಡೆ ಹಿಡಿದು ನಿಲ್ಲುವುದು, ಹೋದಾಗ ತೋಳುದ್ದ ಕೈ ಹಾಕಿ ತಡಕುವುದು. ಬಂಡೆಗೆ ಅಂಟಿದ ಚಿಪ್ಪುಗಳು ಕೊಯ್ದು ಅವನ ಕಾಲುಗಳು ರಕ್ತಮಯವಾಗಿದ್ದವು. ಬರಿಗೈಯಲ್ಲಿ ಮೇಲೆ ಬಂದವನು ನನ್ನ ಮುಂದೆ ಕೈ ಜೋಡಿಸಿ ಅತ್ತ. ನಾನು ಅತ್ತಿರಲಿಲ್ಲ. ನನಗೆ ಆಗ ಬಂದ ಮೊದಲ ಯೋಚನೆ, ಫೋಟೋದಲ್ಲಿ ಏನೇನು ಬಿದ್ದಿದೆ ಎಂಬುದು. ಇದೂ ನಿಜ.

"ಅಳಿಸಿ ಹಾಕೀನಿ ಸರ್. ಯಾರೂ ನೋಡಬಾರದು ಅದನ್ನ," ಎಂದು ಫೋನ್ ವಾಪಸು ಕೊಟ್ಟ.

ಲಿಂಗ ಕಳೆದುಕೊಂಡವನು ಹೊಸದಾಗಿ ಕಟ್ಟಿಸಿಕೊಳ್ಳುವ ತನಕ ಅನ್ನ ನೀರು ಮುಟ್ಟಬಾರದು ಎಂದು ನಮ್ಮ ಹಿರಿಯರ ಕಟ್ಟಳೆ. ಅದು ಮುಜಾಫರನಿಗೆ ಗೊತ್ತಿತ್ತು. ಹೊಟ್ಟೆ ಸರಿಯಿಲ್ಲ ಎಂದು ನಾನು ಉಳಿದವರಿಗೆ ಹೇಳಿದಾಗ ಅವನು ಸುಮ್ಮನಿದ್ದ. ಮರುದಿನ ಹಿಂದಿರುಗುವ ದಾರಿಯುದ್ದಕ್ಕೂ ಅವನೂ ಊಟ ಮಾಡಲಿಲ್ಲ. "ನೀವು ಉಂಡಿಲ್ಲ, ನಾ ಹ್ಯಾಂಗ ಉಣ್ಲಿ ಸರ್?" ಅಂದ. ನಾನಾದರೋ ಹುಬ್ಬಳ್ಳಿಯಲ್ಲಿ ಗಾಡಿ ನಿಂತಾಗ ಒಂದು ಗೋಡೆಯ ಮರೆಗೆ ಹೋಗಿ ಎರಡು ಬಾಳೆಹಣ್ಣು ತಿಂದೆ. ತಿರುಗಿ ನೋಡಿದರೆ ಅವನು ಅಲ್ಲೇ ಟಯರ್ ನೋಡುತ್ತಿದ್ದ. ಕಂಡೂ ಕಾಣದವನಂತೆ ಮುಖ ತಿರುಗಿಸಿದ.

ಮನೆಗೆ ಬಂದೆ. ನನ್ನ ಹೆಂಡತಿ ಮಾಣಿಕಮ್ಮ ಕೈಕಾಲಿಗೆ ನೀರು ಕೊಡುವಾಗ ಕೊರಳು ನೋಡಿದಳು. ಹೆಂಗಸರ ಕಣ್ಣು. ಚೊಂಬು ಅಲ್ಲೇ ಇಟ್ಟಳು.

"ಲಿಂಗ ಎಲ್ಲಿ?"

"ಸಮುದ್ರಕ್ಕ ಹೋಯ್ತು."

"ಅಯ್ಯಯ್ಯೋ! ಹ್ಯಾಂಗ ಹೋಯ್ತು?"

ದಾರಿಯುದ್ದಕ್ಕೂ ನಾನು ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ. ನಿಜ ಹೇಳುತ್ತೇನೆ ಎಂದೇ ನಿರ್ಧರಿಸಿದ್ದೆ. ಬಾಯಿ ತೆರೆದಾಗ ಬಂದದ್ದು ಬೇರೆ. "ಮುಜಾಫರ್ ಆ ಕಲ್ಲಿನ ಮ್ಯಾಲ ನಿಂದ್ರರಿ ಅಂದ, ನಿಂತೆ. ತೆರಿ ಬಂತು."

ಅಷ್ಟೇ. ಮರುದಿನ ಮಠಕ್ಕೆ ಹೋಗಿ ಹೊಸ ಲಿಂಗ ಕಟ್ಟಿಸಿಕೊಂಡೆ. ನನ್ನದು ಅಲ್ಲಿಗೆ ಮುಗಿಯಿತು. ಮುಜಾಫರನದು ಅಲ್ಲಿಂದ ಶುರುವಾಯಿತು. ಮಾಣಿಕಮ್ಮ ನೊಂದಿದ್ದಳು, ಓಣಿಯಲ್ಲಿ ಹೇಳಿಕೊಂಡಳು. ಓಣಿ ಉಪ್ಪುಖಾರ ಹಚ್ಚಿತು. ಮಾತು ಮೋರಖಂಡಿಗೆ ಮುಟ್ಟುವಷ್ಟರಲ್ಲಿ ಅವನು ನನ್ನನ್ನು ಒತ್ತಾಯ ಮಾಡಿ ನಿಲ್ಲಿಸಿದ್ದ. ಹುಲಸೂರಿಗೆ ಮುಟ್ಟುವಷ್ಟರಲ್ಲಿ ಲಿಂಗ ಅವನ ಕೈಯಲ್ಲೇ ಇತ್ತು. ಕೋಟೆಯ ಕಡೆ ನಡೆಯುವಾಗ ಮಹಾರುದ್ರಪ್ಪ, "ಇನ್ನ ಮ್ಯಾಲ ಅಂಥವರ ಗಾಡಿ ಬ್ಯಾಡ ಬಿಡ್ರಿ," ಅಂದ. ನಾನು ಕೆಮ್ಮಿದೆ. ಆ ಕೆಮ್ಮನ್ನು ಅವರು ಹೌದು ಎಂದು ತಿಳಿದರು. ತಿಳಿಯಲಿ ಎಂದೇ ಕೆಮ್ಮಿದ್ದೆ.

ಎರಡು ತಿಂಗಳ ಮೇಲೆ ಮಾಣಿಕಮ್ಮ ಹುಮನಾಬಾದಿನಲ್ಲಿ ಒಂದು ಮದುವೆಗೆ ಹೋದಳು. ಅಲ್ಲಿ ಮುಜಾಫರ್ ಬೀಗರನ್ನು ಇಳಿಸುತ್ತಿದ್ದನಂತೆ. ಹತ್ತು ಜನರ ಮುಂದೆ ಅವನ ಜನ್ಮ ಜಾಲಾಡಿ ಬಂದಳು. ರಾತ್ರಿಯ ಊಟ ಬಡಿಸುತ್ತ ನನಗೆ ಹೇಳಿದಳು: "ಸುಮ್ಮ ಬಿಡಲಿಲ್ಲ ನಾ. ಹೌದೋ ಅಲ್ಲೋ ಹೇಳಪ್ಪಾ, ನೀನೇ ನಿಂದ್ರು ಅಂದಿಲ್ಲೋ ಅಂತ ಕೇಳ್ದೆ. ತೆಲಿ ತೆಗ್ಗ ಮಾಡಿ, ಹೌದು ಅಕ್ಕಾ, ತಪ್ಪು ನಂದೇ ಅದ, ಸರ್ ತಪ್ಪಿಲ್ಲ ಅಂದ. ಒಪ್ಪಿಕೊಂಡ ನೋಡ್ರಿ!"

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನನ್ನ ಸುಳ್ಳು ತನ್ನ ಮುಂದೆ ಬಂದು ನಿಂತಾಗ ಅವನು ಅದನ್ನು ತಳ್ಳಿಹಾಕಲಿಲ್ಲ. ನನ್ನ ಹೆಂಡತಿಯ ಮುಂದೆ ನನ್ನ ಮುಖ ಉಳಿಸಿದ. ಆಗಲಾದರೂ ನಾನು ಹೇಳಬೇಕಿತ್ತೋ ಇಲ್ಲವೋ? ಹೇಳಲಿಲ್ಲ. ಮಾರ್ಚ್ ಹೋಯಿತು, ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ಹುಮನಾಬಾದಿಗೆ ಹೋಗುವ ಕೆಲಸ ಬಂದರೆ ಮೈ ಸರಿಯಿಲ್ಲ ಅನ್ನುತ್ತಿದ್ದೆ. ಅವನ ಗಾಡಿಯ ಬಣ್ಣದ ಯಾವ ಗಾಡಿ ಕಂಡರೂ ಬದಿಯ ಅಂಗಡಿಗೆ ನುಗ್ಗಿ ಬೇಡದ ಸಾಮಾನು ಕೇಳುತ್ತಿದ್ದೆ.

ಈ ಸಲದ ಎಳ್ಳಮಾಸಿ ಹತ್ತಿರ ಬಂತು. ಮುಜಾಫರನ ಗಾಡಿಗೆ ಒಬ್ಬರೂ ಹೆಸರು ಕೊಟ್ಟಿಲ್ಲವೆಂದು ಕೇಳಿದೆ. ಅದೇ ವಾರ ನಮ್ಮ ಗುಂಪಿನವರು ಕಲಬುರಗಿಯಿಂದ ಬೇರೆ ಗಾಡಿ ಮಾಡಿ ಅದೇ ಗೋಕರ್ಣಕ್ಕೆ, ಅದೇ ದಾರಿಗೆ ಹೊರಡುವುದೆಂದು ಮಾತಾಡಿದರು. ಮಹಾರುದ್ರಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ.

"ದಾರಿ ನಿಮಗ ಗೊತ್ತದ ಸರ್. ಮುಂದ ನೀವೇ ನಡೀರಿ. ನಾವು ನಿಮ್ಮ ಹಿಂದ ಬರ್ತೀವಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಇಪ್ಪತ್ತು ವರ್ಷ ಒಬ್ಬ ಮನುಷ್ಯ ಕಾಲು ಸವೆಸಿ ಕಂಡುಕೊಂಡ ದಾರಿ. ಅವನನ್ನು ಅದರಿಂದ ಎಬ್ಬಿಸಿ, ಅವನ ಜಾಗದಲ್ಲಿ ನನ್ನನ್ನು ನಿಲ್ಲಿಸುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದು, ಹೊಸಿಲ ಮೇಲೆ ಕೂತು, ಅವರೆಕಾಯಿ ಸುಲಿಯುತ್ತಿದ್ದ ಮಾಣಿಕಮ್ಮನಿಗೆ ಎಲ್ಲ ಹೇಳಿದೆ. ಫೋಟೋ ಹೇಳಿದೆ, ಬೆಳಗಿನ ಸುಳ್ಳು ಹೇಳಿದೆ, ಬಾಳೆಹಣ್ಣೂ ಹೇಳಿದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬುಟ್ಟಿ ಪಕ್ಕಕ್ಕೆ ಸರಿಸಿದಳು.

"ಹತ್ತ ಮಂದಿ ಮುಂದ ನನ್ನ ಕಡಿಂದ ಅವನಿಗಿ ಬೈಸಿದ್ರಿ," ಅಂದಳು. "ನಾ ಎಷ್ಟ ಮನಿಗಿ ಹೇಳೀನಿ ಅಷ್ಟೂ ಮನಿ ನನಗ ನೆಪ್ಪದ. ನಾಳಿ ಎದ್ದು ನಡೀರಿ, ನಾನೂ ಬರ್ತೀನಿ. ಒಂದೂ ಬಿಡಂಗಿಲ್ಲ."

ಮರುದಿನ ಬೆಳಿಗ್ಗೆ ಹೊರಟೆವು. ಮೊದಲು ಎದುರು ಮನೆಯ ಪೂನಂ. ನಿಂತುಕೊಂಡೇ ಹೇಳಿದೆ: ಮುಜಾಫರ್ ಬೇಡ ಅಂದಿದ್ದ, ನಾನೇ ಹೋದೆ, ಫೋಟೋದ ಆಸೆಗೆ ಹೋದೆ, ಆಮೇಲೆ ಸುಳ್ಳು ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ನನ್ನನ್ನು ಮರುಕದಿಂದ ನೋಡಿದಳು.

"ಯಾಕ ಕಾಕಾ, ಅವನ ಗಾಡಿ ನಡೀವಲ್ದಂತ ನಿಮಗ ಕೆಟ್ಟ ಅನ್ನಸ್ಯಾದ ಅಲ್ಲ? ಅದಕ್ಕ ತಪ್ಪು ನಿಮ್ಮ ಮ್ಯಾಲ ತೊಗೊಳ್ಳಾಕತ್ತೀರಿ. ಎಂಥಾ ಮನಸ್ಸು ನಿಮ್ಮದು!"

ಇಲ್ಲವ್ವಾ, ಖರೇ ಹೇಳುತ್ತಿದ್ದೇನೆ ಎಂದೆ. ಅವಳು ಚಹಾ ಇಟ್ಟಳು.

ಮಹಾರುದ್ರಪ್ಪ ಅಂಗಡಿಯ ಗಲ್ಲೆಯಿಂದ ಎದ್ದು ಬಂದು ಕೈ ಹಿಡಿದ. "ಅವನೇ ಒಪ್ಪಿಕೊಂಡಾನಲ್ರಿ, ಅಕ್ಕಾರ ಮುಂದ! ಸುಳ್ಳ ಇದ್ರ ಯಾವಾ ಒಪ್ಕೋತಾನ? ನೀವು ದೊಡ್ಡವರು, ಅವನ್ನ ಉಳಸಾಕ ಬಂದೀರಿ. ಆಯ್ತು, ನಿಮ್ಮ ಮಾತಿಗಿ ಅವನಿಗಿ ಏನೂ ಅನ್ನಂಗಿಲ್ಲ." ನಾನು ಸಿಟ್ಟಿಗೆದ್ದು ಕೂಗಾಡಿದೆ. ನಿನ್ನ ಹಿಮಾಲಯದ ಫೋಟೋ ನೋಡಿ ಹೊಟ್ಟೆಕಿಚ್ಚಾಗಿ ಮಾಡಿದೆನೋ ಮಾರಾಯಾ ಎಂದೆ. ಅವನು ಅಂಗಡಿಯಲ್ಲಿದ್ದ ಗಿರಾಕಿಗಳ ಕಡೆ ತಿರುಗಿ, "ನೋಡ್ರಿ, ಸರ್ ಅಂದ್ರ ಹಿಂಗಿರಬೇಕು," ಅಂದ.

ಹದಿನಾರು ಮನೆ ತಿರುಗಿದೆವು. ಎರಡು ಮನೆಯವರು ಒಂದಿಷ್ಟು ಅನುಮಾನಪಟ್ಟರು. ಉಳಿದವರೆಲ್ಲ ನನ್ನನ್ನು ಹೊಗಳಿದರು. ಮೋರಖಂಡಿಯ ಆ ಅಜ್ಜಿ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದು ಓಡುವುದೊಂದು ಬಾಕಿ. ಅವನು ಹೇಳಿದ ಸುಳ್ಳನ್ನು ಒಂದೇ ಮಾತಿಗೆ ನಂಬಿದ ಮಂದಿ, ನಾನು ಬಾಯಿ ನೋಯುವ ತನಕ ಹೇಳಿದ ನಿಜವನ್ನು ನಂಬಲಿಲ್ಲ. ನಾನು ಕಳೆಯಲು ಹೊರಟ ಮರ್ಯಾದೆ ಮನೆಯಿಂದ ಮನೆಗೆ ಬೆಳೆಯಿತು. ಅವನದು ಒಂದು ಬೆರಳಿನಷ್ಟೂ ಮೇಲೇಳಲಿಲ್ಲ. ದಾರಿಯಲ್ಲಿ ಮಾಣಿಕಮ್ಮ ನನ್ನ ಮುಖ ನೋಡದೆ, "ಇನ್ನೊಂದು ಮನಿ ಉಳದದ," ಅಂದಳು.

ಹುಮನಾಬಾದಿನಲ್ಲಿ ಬಸ್ ಇಳಿದು ಮುಜಾಫರನ ಮನೆಗೆ ಹೋದಾಗ ಸಂಜೆ. ಬಾಗಿಲು ತೆರೆದವಳು ಅವನ ಹೆಂಡತಿ. ನಲವತ್ತು ದಾಟಿದ ಹೆಂಗಸು. ನನ್ನನ್ನು ಕಂಡದ್ದೇ ತಡ, ಗಡಬಡಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಕುರ್ಚಿ ಒರೆಸಿ, "ಬರ್ರಿ ಸರ್, ಬರ್ರಿ ಅಕ್ಕಾ. ಅವರು ಕೊಹಿನೂರಿಗಿ ಮಂದಿ ಬಿಡಾಕ ಹೋಗ್ಯಾರ, ಈಗ ಬರ್ತಾರ," ಅಂದಳು.

"ನನಗ ಗುರ್ತ ಹಿಡದಿ ಏನವ್ವಾ?" ಎಂದೆ.

"ಹಿಡೀದೆ ಹ್ಯಾಂಗ್ರಿ? ನಾ ಅನ್ವರಿ. ಏಳನೇ ಕ್ಲಾಸಿನ್ಯಾಗ ನಿಮ್ಮ ಕೈಯಾಗೇ ಕಲ್ತೀನಿ. ನೀವು ಮರ್ತೀರಿ."

ಹೌದು, ಮರೆತಿದ್ದೆ. ಎಷ್ಟು ಮಂದಿ ಕಲಿತು ಹೋದರು. ಅವಳು ಎರಡು ಲೋಟ ನೀರು ತಂದಳು. ನಾನು ನೀರು ಮುಟ್ಟುವ ಮೊದಲೇ ಹೇಳಲು ಶುರು ಮಾಡಿದೆ. ಹದಿನೇಳನೆಯ ಸಲ ಹೇಳುತ್ತಿದ್ದೆ, ಮಾತು ಬಾಯಿಪಾಠವಾಗಿರಬೇಕಿತ್ತು. ಆದರೆ ಇಲ್ಲಿ ತೊದಲಿದೆ. ಬೇಡ ಅಂದ, ಕಾಲಿಗೆ ಬೀಳುತ್ತೇನೆ ಅಂದ, ನಾನೇ ಕೇಳಲಿಲ್ಲ. ಸುಳ್ಳು ನನ್ನದು. ನಿನ್ನ ಗಂಡನದು ಏನೂ ತಪ್ಪಿಲ್ಲ ತಾಯಿ.

ಇವಳೂ ಹೊಗಳಿದರೆ ಏನು ಗತಿ ಎಂದು ಹೆದರಿದ್ದೆ. ಅವಳು ಹೊಗಳಲಿಲ್ಲ. ಖಾಲಿ ತಟ್ಟೆಯನ್ನು ಎದೆಗೆ ಅವಚಿಕೊಂಡು ಗೋಡೆಗೆ ಆತು ನಿಂತಳು.

"ಖರೇ ಏನ್ರಿ ಸರ್?"

"ಖರೇ."

"ಊರಿಗೆಲ್ಲಾ ಅವರು ತಪ್ಪು ನಂದು ಅಂದ್ರು. ಮನ್ಯಾಗ ನನಗೊಬ್ಬಾಕಿಗಿ ಖರೇ ಹೇಳಿದ್ರು ಸರ್. ಈಗ ನೀವು ಹೇಳಿದ್ರಲ್ಲಾ, ಹಂಗೇ ಹೇಳಿದ್ರು. ನಾನೇ ನಂಬಲಿಲ್ಲ. ಗುರುಶಾಂತ ಸರ್ ಸುಳ್ಳ ಹೇಳಂಗಿಲ್ಲ ಅಂದೆ. ನನಗ ಕಲಸ್ಯಾರ, ನನಗ ಗೊತ್ತದ ಅಂದೆ. ನೀವೇ ಏನೋ ಮಾಡೀರಿ, ಸರ್ ಮ್ಯಾಲ ಹಾಕಾಕತ್ತೀರಿ, ನಾಚಿಕಿ ಬರಂಗಿಲ್ಲೇನು ಅಂದೆ. ಒಂದ ವರ್ಷ ಸರ್. ದಿನಾ ಅಂದೀನಿ."

ಮಾಣಿಕಮ್ಮ ಎದ್ದು ಅವಳ ತೋಳು ಹಿಡಿದಳು. ನಾನು ಕುರ್ಚಿಯಲ್ಲೇ ಇದ್ದೆ.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಮಾಫಿ ಕೇಳುವುದಕ್ಕೆಂದು ಕಲ್ಯಾಣದಿಂದ ಬಂದವನು ನಾನು. ಅನ್ವರಿ ತಟ್ಟೆಯನ್ನು ನೆಲದ ಮೇಲಿಟ್ಟು, ಬರಿಗಾಲಲ್ಲೇ ಅಂಗಳಕ್ಕೆ ಓಡಿಹೋಗಿ, ನನಗಿಂತ ಮೊದಲು ಅವನ ಮಾಫಿ ಕೇಳಿದಳು.